ಪೈಪಿನೊಳಗೆ ಏರಿದ ನೀರು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಹಠಮಾರಿಗಳಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಹೊಟ್ಟೆ ತುಂಬ ಉಣ್ಣುತ್ತಿದ್ದೀರಿ, ಬೆನ್ನುನೋವು ಕಡಿಮೆಯಾಗಿದೆ ಎಂಬುದೆಲ್ಲ ನಿಮ್ಮ ಅಮ್ಮನ ಬಾಯಿಂದ ನನಗೆ ತಲುಪುತ್ತದೆ. ನೀವು ಅವರಿಗೆ ಫೋನು ಮಾಡಿದಾಗ ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತ ಕೂತಿರುತ್ತೇನೆ. ಅವಳಿಗೆ ಕೊಡಲಾ ಎಂದು ಅತ್ತೆ ಕೇಳಿದ ತಕ್ಷಣ ನಿಮಗೆ ಎಲ್ಲಿಲ್ಲದ ಕೆಲಸ ಬಂದುಬಿಡುತ್ತದೆ. ಅದಕ್ಕೇ ಈ ಕಾಗದ. ನಾನು ಹೇಳಿ ಮುಗಿಸುವ ತನಕ ಇದರಲ್ಲಿ ನೀವು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ನಿಮ್ಮ ಸ್ನೇಹಿತರು ಅವರ ಹಸಿರುಮನೆಯಲ್ಲೇ ಖಾಯಂ ಆಗಿ ಕೆಲಸಕ್ಕೆ ಇರು ಎಂದಿದ್ದಾರಂತೆ. ಇವತ್ತು ಸಂಜೆ ಮಾತು ಕೊಡುತ್ತೀರಂತೆ. ಇದನ್ನೂ ಅತ್ತೆಯೇ ಹೇಳಿದ್ದು, ಅದೂ ನನ್ನ ಮುಖ ನೋಡದೆ.

ಇರಲಿ, ಮೊದಲು ಕೆಲಸದ ಮಾತು. ಗಂಡ ಹೆಂಡತಿ ದೂರವಾಗಲು ಜನಕ್ಕೆ ಏನೇನೋ ಕಾರಣಗಳಿರುತ್ತವೆ. ನಮಗೆ ಒಂದು ಡ್ರಮ್ ಕಂದು ನೀರು, ನಾವು ಗೊಬ್ಬರದ ಟೀ ಎನ್ನುವುದು, ಸಾಕಾಯಿತು. ಮಾಗಿದ ಗೊಬ್ಬರವನ್ನು ಬಟ್ಟೆಯಲ್ಲಿ ಕಟ್ಟಿ, ಬೆಲ್ಲ ಕದಡಿದ ನೀರಿಗೆ ಇಳಿಬಿಟ್ಟರೆ ಅದರಲ್ಲಿರುವ ಜೀವವೆಲ್ಲ ನೀರಿಗಿಳಿದು ಹೆಚ್ಚುತ್ತದೆ, ನಮ್ಮ ನರ್ಸರಿಯ ಸಸಿಗಳ ಬುಡಕ್ಕೆ ಹಾಕಬಹುದು ಎನ್ನುವವರೆಗೆ ಇಬ್ಬರದೂ ಒಂದೇ ಮಾತು. ಅಲ್ಲಿಂದ ಮುಂದೆ ನೀವು ಉತ್ತರ, ನಾನು ದಕ್ಷಿಣ. ನೀರು ಸುತ್ತುತ್ತಿರಬೇಕು, ಇಲ್ಲದಿದ್ದರೆ ತಳದಲ್ಲಿ ಕೊಳೆಯುತ್ತದೆ ಎಂದು ನೀವು ಪಂಪ್ ಇಟ್ಟಿರಿ. ಪಂಪಿನ ರೆಕ್ಕೆಗೆ ಸಿಕ್ಕಿ ಸಸಿಗೆ ಬೇಕಾದ ಬೂಷ್ಟಿನ ಎಳೆಗಳು ಚಿಂದಿಯಾಗುತ್ತವೆ, ತಳದಿಂದ ಗಾಳಿ ಊದಿದರೆ ಸಾಕು ಎಂದು ನಾನು ರಬ್ಬರ್ ನಳಿಗೆ ಹಿಡಿದುಕೊಂಡು ನಿಂತೆ. ಡ್ರಮ್ಮು ಗಬ್ಬೆಂದು ನಾರಿದ ದಿನ ಜಗಳ ನೀರಿನಿಂದ ಎದ್ದು ನಿಮ್ಮ ವಂಶದ ಹಠಕ್ಕೆ, ನನ್ನ ತವರಿನ ಜಂಬಕ್ಕೆ ಹೋಗಿ ಮುಟ್ಟಿತು. ಮಾರನೆಯ ಬೆಳಿಗ್ಗೆ ಸ್ವಲ್ಪ ದಿನ ಸ್ನೇಹಿತರಿಗೆ ಕೈಜೋಡಿಸಿ ಬರುತ್ತೇನೆಂದು ಹೊರಟಿರಿ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಹೋಗುವಾಗ ಪಂಪನ್ನು ಮಾತ್ರ ಬಿಚ್ಚಿಕೊಂಡು ಹೋದಿರಿ. ಅದರ ಉದ್ದನೆಯ ಪೈಪು, ಮೇಲೆ ಡೊಂಕು ತಿರುಗಿಸಿದ್ದು, ಡ್ರಮ್ಮಿನೊಳಗೇ ನಿಂತಿತ್ತು. ಎಷ್ಟೋ ಸಲ ಕಿತ್ತು ಎಸೆಯೋಣ ಎಂದುಕೊಂಡೆ. ಎಸೆಯಲಿಲ್ಲ. ಯಾಕೆ ಎಂದು ಕೇಳಬೇಡಿ.

ಹೋದ ವಾರ ಹೊಸದಾಗಿ ಡ್ರಮ್ ತುಂಬಿಸಿದೆ. ನನ್ನ ಗಾಳಿಯ ನಳಿಗೆ ಸುಮ್ಮನೆ ತಳದಲ್ಲಿ ಕೂರುವುದಿಲ್ಲ, ತೇಲಿ ತೇಲಿ ಮೇಲೆ ಬರುತ್ತದೆ. ಕಟ್ಟಲು ಕಲ್ಲು ಹುಡುಕಿ ಬೇಸತ್ತು, ಅಲ್ಲೇ ಬಿದ್ದಿರು ಎಂದು ಬೈದು ಅದನ್ನು ನಿಮ್ಮ ಪೈಪಿನೊಳಗೆ ತಳದವರೆಗೆ ತುರುಕಿಬಿಟ್ಟೆ. ಗಾಳಿ ಊದುವ ಯಂತ್ರದ ಗುಂಡಿ ಒತ್ತಿದೆ. ಪೈಪು ಗೊಳಗೊಳ ಎಂದಿತು. ಆಮೇಲೆ ಡೊಂಕಿನಿಂದ ನೀರು ಭಳಭಳನೆ ಸುರಿಯತೊಡಗಿತು! ಪಂಪಿಲ್ಲ, ರೆಕ್ಕೆಯಿಲ್ಲ. ಪೈಪಿನೊಳಗೆ ಗುಳ್ಳೆಗಳು ಮೇಲೇರುತ್ತ ತಳದ ನೀರನ್ನೂ ತಮ್ಮ ಜೊತೆಗೆ ಎತ್ತಿಕೊಂಡು ಬಂದು ಮೇಲಿನಿಂದ ಚೆಲ್ಲುತ್ತಿದ್ದವು. ಗೊಬ್ಬರದ ಗಂಟು ನಿಧಾನವಾಗಿ ಸುತ್ತು ಹಾಕುತ್ತಿತ್ತು. ಗಾಳಿಯೂ ಆಯಿತು, ಸುತ್ತಾಟವೂ ಆಯಿತು.

ನಾನು ಏನು ಮಾಡಿದೆ ಗೊತ್ತೇ? ರೀ, ಬೇಗ ಬನ್ರೀ, ಇಲ್ನೋಡಿ ಎಂದು ಶೆಡ್ಡು ಹಾರಿಹೋಗುವ ಹಾಗೆ ಕೂಗಿದೆ. ಕೂಗಿದ ಮೇಲೆ ನೆನಪಾಯಿತು. ನಿಮ್ಮ ಬದಲು ಅತ್ತೆ ಓಡಿ ಬಂದರು. ಗೊಬ್ಬರಕ್ಕೂ ಟೀ ಬೇಕಾ, ಬಿಸ್ಕತ್ತು ಬೇಡ್ವಾ ಎಂದು ನಮ್ಮನ್ನು ಆಡಿಕೊಳ್ಳುತ್ತಿದ್ದ ಅತ್ತೆ ಅವತ್ತು ನಗಲಿಲ್ಲ. ನನ್ನ ಮುಖವನ್ನು ತಮ್ಮ ಸೆರಗಿನಿಂದ ಒರೆಸಿ, ನೀರು ಹಾರಿದೆ ನೋಡು ಎಂದರು. ಡ್ರಮ್ಮಿನ ನೀರು ಮುಖಕ್ಕೆ ಹಾರುವಷ್ಟು ಹತ್ತಿರ ನಾನು ನಿಂತಿರಲೇ ಇಲ್ಲ.

ಮಾರನೆಯ ದಿನ ಡ್ರಮ್ಮಿನಿಂದ ಒದ್ದೆ ಮಣ್ಣಿನ ವಾಸನೆ ಬಂತು. ಸಸಿಗಳಿಗೆ ಹಾಕಿದೆ. ಮೆಣಸಿನ ಎಲೆಗಳು ಕಣ್ಣು ಕುಕ್ಕುವಷ್ಟು ಹಸಿರಾಗಿವೆ. ಆದರೆ ಅದನ್ನು ನೋಡಿ, ಎಲ್ಲ ನನ್ನ ಪಂಪಿನ ಯೋಚನೆಯ ಪುಣ್ಯ ಎಂದು ಜಂಬ ಕೊಚ್ಚಲು ಒಬ್ಬರೂ ಇಲ್ಲ. ಗೆದ್ದೆ ಎಂದು ಯಾರ ಮುಂದೆ ಮೆರೆಯಲಿ? ಕುಂಡಗಳಿಗೆ ಮಣ್ಣು ತುಂಬುವ ಮೇಜಿನ ಆಚೆ ಬದಿಗೆ ಈಗ ಧೂಳು ಕೂತಿದೆ. ಒರೆಸಿದರೆ ನೀವು ಹೋದದ್ದನ್ನು ಒಪ್ಪಿಕೊಂಡಂತೆ ಎನಿಸಿ ಹಾಗೇ ಬಿಟ್ಟಿದ್ದೇನೆ. ಚಹಾ ಈಗಲೂ ಒಂದು ಲೋಟ ಹೆಚ್ಚಾಗುತ್ತದೆ. ನನಗೆ ನೀವು ಬೇಕು. ಜಗಳವಾಡಲು ಬೇಕು, ಜಗಳವಿಲ್ಲದಾಗಲೂ ಬೇಕು.

ಕೋಪ ಪೂರ್ತಿ ಇಳಿದಿದೆ ಎಂದು ತಿಳಿಯಬೇಡಿ. ನೀವು ಮನೆಗೆ ಬಂದರೆ ಮೊದಲ ದಿನ ಚೆನ್ನಾಗಿ ಬೈಸಿಕೊಳ್ಳುತ್ತೀರಿ. ಆದರೂ ಬಂದುಬಿಡಿ. ಅಲ್ಲಿಯ ಕೆಲಸವೇ ಮನಸ್ಸಿಗೆ ಹಿಡಿಸಿದ್ದರೆ ಅದನ್ನಾದರೂ ನನಗೇ ಹೇಳಿ, ಅತ್ತೆಯ ಮೂಲಕ ಹೇಳಿ ಕಳಿಸಬೇಡಿ.

ಎಂದೆಂದೂ ನಿಮ್ಮವಳು,
ಗಾಳಿಯ ಪಕ್ಷದವಳು

ತಾ.ಕ.: ಲಕೋಟೆಗೆ ಅಂಚೆಚೀಟಿ ಇಲ್ಲ ಎಂದು ಗಾಬರಿಯಾಗಬೇಡಿ. ನೀವು ಹೂಂ ಎಂದ ಮೇಲೆ ತಲುಪುವ ಕಾಗದ ಯಾರಿಗೆ ಬೇಕು ಎಂದು, ಡ್ರಮ್ಮಿಗೆ ಅತ್ತೆಯನ್ನು ಕಾವಲಿಟ್ಟು, ಬೆಳಿಗ್ಗೆಯೇ ಬಸ್ಸು ಹತ್ತಿದೆ. ಇದನ್ನು ಬರೆದದ್ದು ನಿಮ್ಮ ಹಸಿರುಮನೆಯ ಎದುರು, ಟೈರ್ ಅಂಗಡಿಯ ಬೆಂಚಿನ ಮೇಲೆ ಕೂತು. ಗೇಟಿನ ಕಾವಲುಗಾರರು ಒಳಗೆ ಬನ್ನಿ ಎಂದರು, ನಾನೇ ಬೇಡವೆಂದೆ; ಈ ಕಾಗದವನ್ನು ಅವರ ಕೈಲೇ ಕೊಟ್ಟು ಕಳಿಸುತ್ತಿದ್ದೇನೆ. ಬಾಟಲಿಯಲ್ಲಿ ಆ ಗೊಬ್ಬರದ ಟೀ ತಂದಿದ್ದೇನೆ. ಉಸಿರಾಡಲಿ ಎಂದು ಮುಚ್ಚಳ ಸಡಿಲ ಬಿಟ್ಟದ್ದಕ್ಕೆ ಅರ್ಧವನ್ನು ನನ್ನ ಸೀರೆಯೇ ಕುಡಿದಿದೆ. ಉಳಿದದ್ದು ಗಾಳಿಯಿಲ್ಲದೆ ಸಂಜೆಯವರೆಗೆ ತಡೆಯುವುದಿಲ್ಲ. ಕೆಡುವ ಮೊದಲು ಹೊರಗೆ ಬನ್ನಿ.