ಹಾಡಿಯಲ್ಲಿ ಕೂತ ಸಭೆ

ಪಾಲಿಬೆಟ್ಟ,
ಬುಧವಾರ, 4 ಡಿಸೆಂಬರ್ 2024

ಪ್ರೀತಿಯ ಅಪ್ಪಾಜಿ,

ಮಧ್ಯಾಹ್ನ ಮೂರು ಗಂಟೆ. ಪುಟ್ಟಿಯ ಪಕ್ಕ ಆಗಷ್ಟೇ ಕಣ್ಣು ಹತ್ತಿತ್ತು, ಗೇಟಿಗೆ ಸರಪಳಿ ಸುತ್ತುವ ಸದ್ದಿಗೆ ಎಚ್ಚರವಾಯಿತು. ನಿಮ್ಮ ಮಂಡಿನೋವು ಹೇಗಿದೆ? ಅಮ್ಮ ಬಿಪಿ ಮಾತ್ರೆ ಮರೆಯದೆ ನುಂಗುತ್ತಿದ್ದಾರಾ? ಪುಟ್ಟಿಗೆ ಹಲ್ಲು ಬರುತ್ತಿದೆ, ನನಗೆ ನಿದ್ದೆಯೆಂಬುದೇ ಇಲ್ಲ. ಪತ್ರ ಕಂಡು ಗಾಬರಿಯಾಗಬೇಡಿ. ನಮ್ಮ ಫೋನುಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದಾರೆ. ಚೆಟ್ಟಳ್ಳಿ ಕಡೆಯ ನಮ್ಮ ಪಂಚಾಯಿತಿಯಲ್ಲಿ ನಾಳೆ ಅಧ್ಯಕ್ಷೆ ಚಿನ್ನಕ್ಕನ ಮೇಲೆ ಅವಿಶ್ವಾಸ. ಅಲ್ಲಿಯವರೆಗೆ ಸದಸ್ಯರು ಆಚೀಚೆ ಆಗದಿರಲೆಂದು ಉಪಾಧ್ಯಕ್ಷ ಉತ್ತಯ್ಯನವರು ತಮ್ಮ ಕಡೆಯ ಸದಸ್ಯರನ್ನೆಲ್ಲ, ನನ್ನನ್ನೂ ಸೇರಿಸಿ, ಇಲ್ಲೊಂದು ಹೋಂಸ್ಟೇಗೆ ತಂದಿಟ್ಟಿದ್ದಾರೆ. ಟಿವಿಯಲ್ಲಿ ಎಂಎಲ್‌ಎಗಳನ್ನು ಹೀಗೆ ಕೂಡಿಹಾಕಿದಾಗ ನೀವು ನಗುತ್ತಿದ್ದಿರಲ್ಲ, ಈಗ ನಿಮ್ಮ ಮಗಳೂ ಆ ಲೆವೆಲ್ಲಿಗೆ ಬಂದಳು.

ಚಿನ್ನಕ್ಕ ಜೇನುಕುರುಬರ ಹಾಡಿಯವಳು. ಮೀಸಲಾತಿಯಲ್ಲಿ ಕುರ್ಚಿ ಬಂತು. ತೋರಿಸಿದಲ್ಲಿ ಸಹಿ ಹಾಕಿಕೊಂಡಿರುತ್ತಾಳೆ ಎಂದು ಎಲ್ಲರೂ ತಿಳಿದಿದ್ದೆವು. ಗ್ರಾಮಸಭೆ ಯಾವತ್ತೂ ನಡೆಯುತ್ತಿದ್ದದ್ದು ಉತ್ತಯ್ಯನವರ ಕಾಫಿ ಕಣದಲ್ಲಿ. ಹಾಡಿಯವರು, ಎಸ್ಟೇಟಿನ ಲೈನ್ ಮನೆಗಳ ಕೂಲಿಯವರು ಬೇಲಿಯಾಚೆ ನಿಂತು ಕೇಳಿ ಹೋಗುತ್ತಿದ್ದರು. ಈ ಸಲ ಚಿನ್ನಕ್ಕ ಸಭೆಯನ್ನು ಹಾಡಿಗೇ ಕರೆದಳು. ಎಲ್ಲರಿಗೂ ಚಾಪೆ. ಒಬ್ಬರು ಅರೆಭಾಷೆಯಲ್ಲಿ ಕೇಳಿದರೆ ಇನ್ನೊಬ್ಬರು ಮಲಯಾಳದಲ್ಲಿ. ಅಸ್ಸಾಮಿನಿಂದ ಕಾಫಿ ಪಿಕ್ಕಿಂಗಿಗೆ ಬಂದ ಹೆಂಗಸೊಬ್ಬಳು ಹರಕು ಹಿಂದಿಯಲ್ಲಿ ಲೈನಿಗೆ ನೀರಿಲ್ಲ ಎಂದಳು. ಆ ಮಾತು ಗೊತ್ತಿದ್ದವರು ಪಕ್ಕದವರಿಗೆ ತಿಳಿಸುತ್ತ ಹೋದರು. ನೀರಿನ ಪೈಪು ಮೊದಲು ಎಲ್ಲಿಗೆ ಎಂಬುದು ಅಲ್ಲೇ ತೀರ್ಮಾನವಾಯಿತು. ಬಿ.ಎ.ಯಲ್ಲಿ ಒಕ್ಕೂಟ ವ್ಯವಸ್ಥೆ, ರಾಷ್ಟ್ರೀಯ ಏಕತೆ ಎಂದು ಪುಟಗಟ್ಟಲೆ ಬರೆದು ಪಾಸಾದವಳು ನಾನು; ಕಣ್ಣೆದುರು ನಡೆದಾಗ ಅದು ಇಷ್ಟು ಗಲಾಟೆ ಮಾಡುತ್ತದೆಂದು ಗೊತ್ತಿರಲಿಲ್ಲ. ಕೊನೆಗೆ ಉತ್ತಯ್ಯನವರು ಚಾಪೆಯಿಂದ ಏಳಲಾಗದೆ ಒದ್ದಾಡಿದರು. ಚಿನ್ನಕ್ಕ ಕೈ ಚಾಚಿ, "ಬೇಲಿ ಹತ್ರ ನಿಂತೋರಿಗೆ ಮಾತೇ ಬರಲ್ಲ ಅಂದ್ಕೊಂಡಿದ್ರಿ ಸಾಹುಕಾರ್ರೇ. ಕೂರಿಸಿದ್ರೆ ಬರ್ತದೆ," ಎಂದಳು. ಅವರು ಆ ಕೈ ಹಿಡಿಯಲಿಲ್ಲ. ಅದಕ್ಕೇ ಈ ಅವಿಶ್ವಾಸ; ನೋಟಿಸಿನಲ್ಲಿ ಮಾತ್ರ ಅಭಿವೃದ್ಧಿ ಕುಂಠಿತ ಎಂದಿದೆ.

ನಾಳೆ ನನ್ನ ಕೈ ಎದ್ದರೆ ಅವರಿಗೆ ಬೇಕಾದ ಬಹುಮತ ಕೂಡುತ್ತದೆ, ಇಲ್ಲದಿದ್ದರೆ ಇಲ್ಲ. ನಿಮ್ಮ ಅಳಿಯ ನಿರಂಜನ್ ನನ್ನನ್ನು ಕೇಳದೆಯೇ ಉತ್ತಯ್ಯನವರಿಗೆ ಮಾತು ಕೊಟ್ಟಿದ್ದಾರೆ. ಅವರನ್ನು ಬೈಯಲೂ ಆಗುತ್ತಿಲ್ಲ. ಕೆಲಸ ಉತ್ತಯ್ಯನವರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ನಾವಿರುವುದೂ ಅವರು ಕೊಟ್ಟ ಮನೆ. "ಕೈ ಎತ್ತಲ್ಲ ಅಂದ್ರೆ ಸೀದಾ ನಿಮ್ಮಪ್ಪನ ಮನೆಗೆ ಹೋಗು," ಎಂದರು ನಿರಂಜನ್, ಪುಟ್ಟಿಯ ಬಟ್ಟೆ ಮಡಚುತ್ತಲೇ. ಜಗಳ ಆಡುವುದಕ್ಕೂ ತ್ರಾಣವಿಲ್ಲ ಅಪ್ಪಾಜಿ.

ಅಮ್ಮನಿಗೆ ನಮಸ್ಕಾರ. ಕಾಗದದ ಮೂಲೆ ಚೀಪಿದ್ದು ನಿಮ್ಮ ಮೊಮ್ಮಗಳು, ಅದನ್ನೇ ಮುತ್ತು ಎಂದುಕೊಳ್ಳಿ.

ನಿಮ್ಮ ಮಗಳು,
ವಿನುತಾ

ತಾ.ಕ.: ಅಡುಗೆಯ ಪೊನ್ನಮ್ಮ ಪೇಟೆಗೆ ಹೋಗುವಾಗ ಇದನ್ನು ಕೊಡ್ಲಿಪೇಟೆ ಕಡೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾರೆ, ರಾತ್ರಿಯೊಳಗೆ ನಿಮ್ಮ ಕೈ ಸೇರುತ್ತದೆ. ಇಲ್ಲಿಯ ಅಡುಗೆಮನೆಯ ಲ್ಯಾಂಡ್‌ಲೈನ್ ನಂಬರ್ ಹಿಂದುಗಡೆ ಬರೆದಿದ್ದೇನೆ; ಅದಕ್ಕೆ ಫೋನ್ ಬರುತ್ತದಷ್ಟೇ, ಹೊರಗೆ ಹೋಗುವುದಿಲ್ಲ. ಪೊನ್ನಮ್ಮ ಅಲ್ಲೇ ಮಲಗುತ್ತಾರೆ, ನನ್ನನ್ನು ಕರೆಯುತ್ತಾರೆ. ನನಗೂ ಪುಟ್ಟಿಗೂ ನಿಮ್ಮ ಮನೆಯಲ್ಲಿ ಜಾಗ ಇದೆಯೇ ಎಂದಷ್ಟೇ ಹೇಳಿ. ಇದೆ ಎಂದರೆ ನಾಳೆ ನನ್ನ ಕೈ ಮಡಿಲಲ್ಲೇ ಇರುತ್ತದೆ. ಇಲ್ಲ ಎಂದರೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಯಾವುದಾದರೂ ಸರಿ ಅಪ್ಪಾಜಿ, ಬೆಳಗಾಗುವುದರೊಳಗೆ ಫೋನ್ ಮಾಡಿ, ದಮ್ಮಯ್ಯ.