ಗವಾಯಿಗಳನ್ನು ಮುಂದಿನ ಊರಿಗೆ ಕಳಿಸಿದ್ದು

ರೌಂಡ್ ರಾಕ್, ಟೆಕ್ಸಸ್
ಫೆಬ್ರುವರಿ ೧೬, ೨೦೨೫, ರವಿವಾರ

ಪ್ರೀತಿಯ ತಂಗಿ ಸುಗಲಾ,

ಅಕ್ಕನ ಆಶೀರ್ವಾದಗಳು. ನಿನ್ನ ಯಜಮಾನರು ಅಣ್ಣಾಸಾಹೇಬರ ಮೊಣಕಾಲು ಹೇಗಿದೆ? ಬೆಳಗಾವಿಯ ಚಳಿಗೆ ಇನ್ನಷ್ಟು ಹಿಡಿದುಕೊಂಡಿರಬೇಕು. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು, ಟಿವಿಯಲ್ಲಿ ತೋರಿಸುವ ಮುಲಾಮನ್ನೆಲ್ಲ ತಂದು ಹಚ್ಚಬೇಡ. ನಿನ್ನ ಬಿಪಿ ಇಳಿಯಿತೇ? ಮೊಮ್ಮಗ ಜಯಂತನ ಹಲ್ಲಿನ ತಂತಿ ತೆಗೆದರೋ ಇಲ್ಲವೋ? ಇಲ್ಲಿ ನನ್ನ ಮಗ ಆನಂದನಿಗೆ ನೆಗಡಿ, ಸೊಸೆ ಸೌಂದರ್ಯಾಳಿಗೆ ನಿದ್ದೆ ಇಲ್ಲ, ನನಗೆ ಸಿಟ್ಟು. ಮೊಮ್ಮಗಳು ನಿಧಿಯ ಆರೋಗ್ಯವನ್ನು ನೀನಾಗಿ ಕೇಳುತ್ತೀಯೇನೋ ಎಂದು ಕಾದೆ, ಕೇಳಲಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ವಾಟ್ಸ್ಯಾಪಿನಲ್ಲಿ ಎರಡು ನೀಲಿ ಗೆರೆ ಬೀಳುತ್ತವೆ, ಉತ್ತರ ಬೀಳುವುದಿಲ್ಲ. ಅದಕ್ಕೇ, ನಮ್ಮ ಓಣಿಯ ಅಪ್ಪಾಸಾಹೇಬರು ಬೆಳಗಾವಿಗೆ ಹೊರಟರೆಂದು ಅವರ ಕೈಯಲ್ಲಿ ಬಾದಾಮಿ, ವಿಟಮಿನ್ ಗುಳಿಗೆ ಮತ್ತು ಈ ಕಾಗದ. ಬಾದಾಮಿ ಡಬ್ಬಿಗೆ ಸುರಿದು ಕಾಗದವನ್ನು ಹಾಸಿಗೆಯ ಕೆಳಗೆ ತುರುಕಬೇಡ, ನಿನ್ನ ಸ್ವಭಾವ ನನಗೆ ಗೊತ್ತು.

ನಿನ್ನ ಮಗ ಅಮರ್ ಯೂಲೆಸ್‌ನಿಂದ ಫೋನು ಮಾಡಿ ನನಗೇ ಬುದ್ಧಿ ಹೇಳಿದ. "ದೊಡ್ಡವ್ವಾ, ಅವ್ವಗ ಈಗ ಮರವು ಭಾಳ ಆಗೇದ. ಅಕೀನ್ನ ಇದರಾಗ ಎಳೀಬ್ಯಾಡ್ರಿ" ಅಂತ. ಮರೆವಂತೆ! ನನ್ನ ಮದುವೆಯಲ್ಲಿ ಬೀಗರಿಗೆ ಕೊಟ್ಟ ಇಳಕಲ್ ಸೀರೆಯ ದಡಿ ಯಾವ ಬಣ್ಣದ್ದು, ಯಾರು ಮೂತಿ ಉಬ್ಬಿಸಿದರು ಎಂದು ಇವತ್ತಿಗೂ ಹೇಳುವವಳು ನೀನು. ನಿನಗೆ ಹೋದ ದಸರೆಯದು ಮರೆತುಹೋಯಿತೇ? ಹಾಗಾದರೆ ನಾನೇ ನೆನಪು ಮಾಡಿಕೊಡುತ್ತೇನೆ, ಓದು.

ರಘೂತ್ತಮ ಗವಾಯಿಗಳನ್ನು ಊರಿಂದ ಕರೆಸಿದ್ದು ನಮ್ಮ ಕನ್ನಡ ಸಂಘದವರೇ. ಹೂಸ್ಟನ್ ಕಡೆ ಮಿಸೌರಿ ಸಿಟಿಯಲ್ಲಿ ಒಂದು ಗಾಯನ, ಡಲ್ಲಾಸ್ ಕಡೆ ನಿಮ್ಮ ಯೂಲೆಸ್‌ನಲ್ಲಿ ಒಂದು, ಕೊನೆಗೆ ಆಸ್ಟಿನ್ ಕಡೆ ನಮ್ಮಲ್ಲಿ. ದೊಡ್ಡ ಕಲಾವಿದರನ್ನು ಹೋಟೆಲಿನಲ್ಲಿ ಇಳಿಸಿದರೆ ನಮ್ಮ ಮರ್ಯಾದೆ ಏನಾಯಿತು ಅಂತ ಮನೆಯಲ್ಲೇ ಇಳಿಸುವ ಪದ್ಧತಿ. ಒಂದು ಮನೆಯವರು ಉಣಿಸಿ, ಶಾಲು ಹೊದಿಸಿ, ಕಾರಿನಲ್ಲಿ ಕೂರಿಸಿಕೊಂಡು ಮುಂದಿನ ಮನೆಗೆ ಮುಟ್ಟಿಸಿ ಬರಬೇಕು. ಯೂಲೆಸ್‌ನಲ್ಲಿ ಅವನು ಇಳಿದದ್ದು ಅಮರ್‌ನ ಮನೆಯಲ್ಲಿ, ಆಗ ನೀನೂ ಅಲ್ಲೇ ಇದ್ದೆ. ನಮ್ಮ ಮನೆಗೆ ಶನಿವಾರ ಬರಬೇಕಾದವನು ಗುರುವಾರವೇ ಬಂದ. ಅವನಿಗಿಂತ ಮುಂಚೆ ನಿನ್ನ ಫೋನು ಬಂತು. "ಅಕ್ಕಾ, ಗವಾಯಿಗೋಳು ಎರಡು ದಿನ ಮೊದಲ ಬರ್ತಾರ. ಅವರಿಗೆ ಖಾರ ಆಗೂದಿಲ್ಲ ನೋಡು, ಮುಂಜಾನೆ ಬಿಸಿನೀರು ಬೇಕು." ಖಾರದ ಮಾತು ಹೇಳಿದೆ, ಬಿಸಿನೀರಿನ ಮಾತು ಹೇಳಿದೆ. ಹೇಳಬೇಕಾದ ಮಾತೊಂದನ್ನು ಬಿಟ್ಟೆಯಲ್ಲ, ನನ್ನವ್ವ. ನಾನು ಸಪ್ಪೆ ಸಾರು ಮಾಡಿ ಬಡಿಸಿದೆ.

ಶುಕ್ರವಾರ ಆನಂದ, ಸೌಂದರ್ಯಾ ಆಫೀಸಿಗೆ ಹೋಗಿದ್ದರು, ನಾನು ಭಜನೆಗೆ ಹೋಗಿದ್ದೆ. ನಿಧಿ ಕಾಲೇಜಿನಿಂದ ರಜೆಗೆ ಬಂದಿದ್ದಳು. ಗವಾಯಿ ಒಂದು ಪದ ಹಾಡಲು ಹೇಳಿಕೊಡುತ್ತೇನೆಂದು ಅವಳನ್ನು ಕರೆದು ಬಾಗಿಲು ಹಾಕಿದ. ಮುಂದಿನದನ್ನು ಬರೆಯಲು ನನ್ನ ಕೈಗೆ ಆಗುವುದಿಲ್ಲ. ಆದರೆ ಹುಡುಗಿ ಅದನ್ನು ಅವರಮ್ಮನಿಗೆ ಹೇಳಿದಳು, ಆಸ್ಪತ್ರೆಯಲ್ಲಿ ಹೇಳಿದಳು, ಪೋಲೀಸರ ಮುಂದೆ ಹೇಳಿದಳು. ಇಪ್ಪತ್ತೊಂದು ವರ್ಷದ ಕೂಸು ಅಷ್ಟು ಜನರ ಮುಂದೆ ಹೇಳಿತು, ಎಪ್ಪತ್ತರ ಹತ್ತಿರ ಬಂದ ನಿನಗೆ ಏನು ಧಾಡಿ? ಈ ಸೆಮಿಸ್ಟರ್ ಬಿಟ್ಟು ಮನೆಯಲ್ಲೇ ಇದ್ದಾಳೆ. ಉಣ್ಣುತ್ತಾಳೆ, ಆದರೆ ನಿಂತೇ ಉಣ್ಣುತ್ತಾಳೆ, ಬಾಗಿಲಿಗೆ ಬೆನ್ನು ಕೊಡುವುದಿಲ್ಲ. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾರೆ, ಅಷ್ಟೇ. ಹುಡುಗಿ ಒಪ್ಪಿಯೇ ಒಳಗೆ ಬಂದಳು ಎಂದು ಅವನ ವಕೀಲ ಹೇಳುತ್ತಾನಂತೆ. ನ್ಯಾಯ ಕೇಳಲು ಹೋದರೆ ಈ ದೇಶದಲ್ಲೂ ಹೆಣ್ಣುಮಗಳೇ ಪ್ರತಿ ಸಲ ಉತ್ತರ ಹೇಳಬೇಕು.

ಸಂಘದ ಹಾಲಪ್ಪನವರು ಬಂದಿದ್ದರು, ಮುಖ ಒಣಗಿಸಿಕೊಂಡು. "ಆಂಟಿ, ಕಲಾವಂತ್ರು ಒಮ್ಮೊಮ್ಮೆ ದಾರಿ ತಪ್ಪತಾರ್ರಿ. ನೀವ ದೊಡ್ಡ ಮನಸ್ಸು ಮಾಡ್ರಿ. ಹುಡುಗಿ ಮದವಿ ಬ್ಯಾರೆ ಆಗಬೇಕಲ್ರಿ?" ಎಂದರು. "ಅಕೀ ಮದವಿ ಚಿಂತಿ ನಿಮಗ್ಯಾಕ್ರಿ? ಮೊದಲ ಹೋಗಿ ಅವಂಗ ಹೊಚ್ಚಿದ ಶಾಲು ತಿರುಗಿ ಇಸಕೊಂಡು ಬರ್ರಿ" ಎಂದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮಿಸೌರಿ ಸಿಟಿಯ ಮನೆಯವರನ್ನು ಕೇಳಿದರೆ "ನಮ್ಮಲ್ಲಿ ಎಲ್ಲ ಚಲೋ ಆತ್ರಿ" ಎಂದು ಫೋನು ಇಟ್ಟರು. ಚಲೋ ಆಗಿದ್ದರೆ ಅಷ್ಟು ಅವಸರದಲ್ಲಿ ಯಾಕೆ ಇಡಬೇಕು?

ನಾನು ಶಾಲೆಗೆ ಹೋದವಳಲ್ಲ, ಓದಲು ಕಲಿತದ್ದೇ ಪತ್ತೇದಾರಿ ಕಾದಂಬರಿಗಳಿಂದ. ಅವ್ವನಿಗೆ ಕಾಣದ ಹಾಗೆ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು ಇಬ್ಬರೂ ಓದುತ್ತಿದ್ದೆವಲ್ಲ. ಅಲ್ಲಿ ಅಪರಾಧಿ ಕೊನೆಯ ಪುಟದಲ್ಲಿ ಸಿಗುತ್ತಿದ್ದ, ಪುಸ್ತಕ ಮುಚ್ಚಿ ನಿಶ್ಚಿಂತೆಯಿಂದ ಮಲಗುತ್ತಿದ್ದೆವು. ಇಲ್ಲಿ ಅಪರಾಧಿ ಮೊದಲನೆಯ ಪುಟದಲ್ಲೇ ಸಿಕ್ಕಿದ್ದಾನೆ. ಸಿಗದೇ ಇರುವವರು "ನನಗೆ ಗೊತ್ತಿತ್ತು" ಎಂದು ಹೇಳುವವರು.

ನಿನಗೆ ಗೊತ್ತಿತ್ತು, ಸುಗಲಾ. ಅಮರ್‌ನ ನಾದಿನಿ ಪ್ರಗತಿ ಹೋದ ತಿಂಗಳು ತಾನೇ ಡ್ರೈವ್ ಮಾಡಿಕೊಂಡು ನಮ್ಮ ಮನೆಗೆ ಬಂದು ಎಲ್ಲ ಹೇಳಿದಳು. ನಿಮ್ಮ ಮನೆಯಲ್ಲಿ ಗವಾಯಿ ಅವಳ ಮೈಮೇಲೆ ಕೈ ಹಾಕಿದ್ದು, ತಪ್ಪಿಸಿಕೊಂಡು ಅಡುಗೆಮನೆಗೆ ನಿನ್ನ ಹತ್ತಿರ ಓಡಿ ಬಂದದ್ದು, ನೀನು ಅವಳಿಗೆ ನೀರು ಕೊಟ್ಟು, ಒಬ್ಬಳೇ ಅವನ ಕೋಣೆಗೆ ಹೋಗಿ "ಇವತ್ತ ನನ್ನ ಮನಿ ಬಿಡ್ರಿ" ಎಂದದ್ದು. ಶಾಬಾಸ್, ಅಷ್ಟು ಧೈರ್ಯ ನಿನಗಿತ್ತು. ಆಗ ಅವನು ನಿನ್ನ ಕಾಲು ಹಿಡಿದು "ತಪ್ಪಾತು ತಾಯಿ, ಹೊರಗ ಹೇಳಬ್ಯಾಡ್ರಿ" ಎಂದನಂತೆ. ಅದನ್ನು ಆಮೇಲೆ ಪ್ರಗತಿಗೆ ಹೇಳಿದವಳೂ ನೀನೇ, ಕಿವಿಯಾರೆ ಕೇಳಿದವಳು ನೀನೊಬ್ಬಳೇ. ಪ್ರಗತಿ ಪೋಲೀಸರಿಗೆ ತನ್ನ ಹೇಳಿಕೆ ಕೊಟ್ಟಾಯಿತು, ಅಕ್ಕಭಾವ ಮುನಿಸಿಕೊಂಡರೂ ಕೊಟ್ಟಳು. ಅವನ ಬಾಯಿಂದ ಬಂದ ಮಾತನ್ನು ಮಾತ್ರ ನೀನೇ ಹೇಳಬೇಕು. ಅದಿಲ್ಲದಿದ್ದರೆ ಇಬ್ಬರು ಹುಡುಗಿಯರೂ ಸುಳ್ಳಿಯರಾಗುತ್ತಾರೆ, ಅವನು ಮುಂದಿನ ದಸರೆಗೆ ಇನ್ನೊಂದು ಊರಲ್ಲಿ ಶಾಲು ಹೊದ್ದುಕೊಳ್ಳುತ್ತಾನೆ. ಅತಿಥಿಯ ಮಾನ, ಮಗನ ಮಾನ, ಮನೆಯ ಮಾನ ಅಂತ ನೀನು ಎಲ್ಲರದನ್ನೂ ಕಾಯ್ದೆ. ಒಟ್ಟಿಗೆ ಬೆಳೆದವಳು ನಾನು, ನಿನ್ನ ಜೊತೆ ಜಗಳ ಆಡಬಲ್ಲೆನೇ ಹೊರತು ನಿನ್ನನ್ನು ಬಿಡಲಾರೆ. ಅದಕ್ಕೇ ಇಷ್ಟು ಬೈದೆ.

ಅಣ್ಣಾಸಾಹೇಬರಿಗೆ ನನ್ನ ನಮಸ್ಕಾರ, ಮಕ್ಕಳು ಮರಿಗಳಿಗೆ ಮುದ್ದು. ನಿನಗೆ ದೇವರು ಆರೋಗ್ಯ ಕೊಡಲಿ, ನಾಲಿಗೆಯನ್ನೂ ಕೊಡಲಿ.

ನಿನ್ನ ಅಕ್ಕ
ಜಯದೇವಿ

ತಾ.ಕ.: ಅಪ್ಪಾಸಾಹೇಬರ ಕಾರು ಬಾಗಿಲಿಗೆ ಬಂದಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಅಂಜುವುದು ಕೋರ್ಟಿಗಲ್ಲ, ನಿಧಿಗೆ ಎಂದು ನನಗೆ ಗೊತ್ತು. ನೀನು ಮುಂಚೆಯೇ ತಿಳಿದೂ ಸುಮ್ಮನಿದ್ದೆ ಎಂಬುದನ್ನು ಪ್ರಗತಿ ಅವಳಿಗೆ ಹೇಳಿಬಿಟ್ಟಿದ್ದಾಳೆ. ನಿಧಿ ಅಳಲಿಲ್ಲ, ಬಯ್ಯಲಿಲ್ಲ. "ವಿಲ್ ಶಿ ಸೇ ಇಟ್ ನೌ, ಅಜ್ಜಿ?" ಎಂದು ಮಾತ್ರ ಕೇಳಿದಳು, ಈಗಲಾದರೂ ಹೇಳುತ್ತಾಳೆಯೇ ಅಂತ. ಪೋಲೀಸಿನ ಹೆಣ್ಣುಮಗಳು ವೀಡಿಯೊದಲ್ಲೇ ಮಾತಾಡುತ್ತಾಳಂತೆ, ಕನ್ನಡದವರನ್ನು ಜೊತೆಗೆ ಕೂರಿಸುತ್ತಾಳಂತೆ, ನೀನು ಬೆಳಗಾವಿ ಬಿಟ್ಟು ಬರಬೇಕಾಗಿಲ್ಲ. ಬೇಗ ಬರೆ. ಹೂಂ ಎಂದಾದರೆ ನನಗೆ ಒಂದು ಸಾಲು ಸಾಕು. ಇಲ್ಲ ಎಂದಾದರೆ ನನಗೆ ಬರೆಯಬೇಡ, ನಿಧಿಗೇ ಬರೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನಾನೇ ಎದುರಿಗೆ ಕೂತು ಓದಿ ಹೇಳಬೇಕಾಗುತ್ತದೆ.