ನನ್ನ ಪಾಲಿನ ಮೂವತ್ತು ಜಿಬಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10

ಫೋನಿನಲ್ಲಿ ಕಂಪ್ಯೂಟರ್ ಪಾಠದ ವಿಡಿಯೋ ಡೌನ್‌ಲೋಡ್ ಮತ್ತೆ ನಿಂತಿತು. ತೊಂಬತ್ತೊಂದು ಪರ್ಸೆಂಟಿಗೆ. ಇದು ಮೂರನೇ ಸಲ. ಪಕ್ಕದ ಕೋಣೆಯಲ್ಲಿ ಹೆಂಡತಿಯ ಕಸೂತಿ ಮಷಿನ್ ಕಟಕಟ ಓಡುತ್ತಿದೆ. ಅದು ಯಾವತ್ತೂ ನಿಲ್ಲುವುದಿಲ್ಲ. ನಿಲ್ಲುವುದೆಲ್ಲ ನನ್ನ ಕೈಗೆ ಬಂದದ್ದೇ.

ಜನವರಿಯಿಂದ ಮನೆಯಲ್ಲಿದ್ದೇನೆ. ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿ. ಹೊಸ ಲಿಫ್ಟುಗಳಿಗೆ ಸ್ಪ್ಯಾನರ್ ಬೇಡವಂತೆ, ಲ್ಯಾಪ್‌ಟಾಪ್ ಬೇಕಂತೆ. ನಿಮಗೆ ಲಿನಕ್ಸ್ ಬರುತ್ತಾ ಎಂದು ಕೇಳಿದ ಹೊಸ ಮ್ಯಾನೇಜರ್. ಅದು ಮಾತ್ರೆಯ ಹೆಸರೋ ಊರಿನ ಹೆಸರೋ ಗೊತ್ತಿರಲಿಲ್ಲ. ಬರಲ್ಲ ಅಂದೆ. ಅಲ್ಲಿಗೆ ಮಂಗಳ ಹಾಡಿದರು.

ಸರಿ, ಅದೇನೆಂದು ನೋಡಿಯೇ ಬಿಡುತ್ತೇನೆ.

ಮಾರ್ಚ್ 4, ಮಂಗಳವಾರ

ಲಿನಕ್ಸ್ ಅಂದರೆ ವಿಂಡೋಸ್ ಇದ್ದಹಾಗೆ, ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರ್ ಅಂತೆ. ಅದೂ ಒಂದಲ್ಲ. ನೂರಾರು ಇವೆ. ಯಾವುದು ಹಾಕಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಒಬ್ಬ ಉಬುಂಟು ಅನ್ನುತ್ತಾನೆ. ಇನ್ನೊಬ್ಬ, ಉಬುಂಟು ಹಾಕಿಕೊಳ್ಳುವವನು ಮನುಷ್ಯನೇ ಅಲ್ಲ ಅನ್ನುತ್ತಾನೆ. ಫೆಡೋರಾ, ಡೆಬಿಯನ್, ಆರ್ಚ್... ಮದುವೆಯಾಗುವಾಗಲೂ ಇಷ್ಟು ಯೋಚಿಸಿರಲಿಲ್ಲ.

ಇವಳ ತಮ್ಮನಿಗೆ ಫೋನ್ ಮಾಡಿದೆ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾನೆ, ಮನೆಯವರೆಲ್ಲ ಪಂಡಿತ ಎಂದೇ ಕರೆಯುವುದು. “ಭಾವ, ನಿಮಗೆ ಮಿಂಟ್ ಸಾಕು” ಅಂದ.

ಸಾಕು ಅಂತೆ. ಮಿಂಟ್ ಹಾಕುವುದಿಲ್ಲ. ಅತಿ ಕಷ್ಟದ್ದು ಆರ್ಚ್ ಎಂದು ಓದಿದ್ದೇನೆ. ಅದನ್ನೇ ಹಾಕುತ್ತೇನೆ.

ಮಾರ್ಚ್ 6, ಗುರುವಾರ

ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಇವಳದು. ಶಾಲೆಗಳ ಬ್ಯಾಡ್ಜು, ಆಸ್ಪತ್ರೆ ಕೋಟುಗಳ ಮೇಲಿನ ಹೆಸರು, ಎಲ್ಲದರ ಡಿಸೈನೂ ಅದರಲ್ಲೇ ಇದೆ. ಒಂಬತ್ತು ವರ್ಷದ ಕೆಲಸ. ಒಂದೊಂದು ಡಿಸೈನಿಗೂ ಎರಡು ಮೂರು ದಿನ ಕಣ್ಣು ಕೀಲಿಸಿಕೊಂಡು ಕೂತಿದ್ದಾಳೆ. ಆ ಸಾಫ್ಟ್‌ವೇರ್ ವಿಂಡೋಸ್ ಬಿಟ್ಟರೆ ಬೇರೆಲ್ಲೂ ಓಡದು. ಜನವರಿಯಿಂದ ಒಲೆ ಉರಿಯುತ್ತಿರುವುದು ಅದರಿಂದಲೇ. ಇದನ್ನು ಇವಳು ಬಾಯಿಬಿಟ್ಟು ಹೇಳಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಡಿಸ್ಕ್ ಪಾಲು ಮಾಡಿಕೊಳ್ಳುತ್ತೇನೆ, ನನಗೆ ಮೂವತ್ತು ಜಿಬಿ ಸಾಕು, ಉಳಿದದ್ದೆಲ್ಲ ನಿನ್ನದು ಅಂದೆ. ಕೈಯಲ್ಲಿದ್ದ ದಾರ ಸೂಜಿಗೆ ಪೋಣಿಸಿ ಮುಗಿಸಿದಳು. ಆಮೇಲೆ ಅಂದಳು:

“ಕಲೀರಿ, ಬೇಡ ಅನ್ನಲ್ಲ. ನನ್ನ ಕಡೆಗೆ ಮಾತ್ರ ಕೈ ಹಾಕಬೇಡಿ.”

ಆಯ್ತು ಅಂದೆ. ಮಾತು ಕೊಟ್ಟೆ. ನಾನೇನು ಚಿಕ್ಕ ಮಗುವೇ? ಹೌದು, ಮಿಕ್ಸಿ ಬಿಚ್ಚಿದ್ದೆ. ಅದು ಇವತ್ತಿಗೂ ಚೀಲದಲ್ಲಿದೆ. ಗೀಸರ್ ಬೇರೆ ವಿಷಯ.

ಮಾರ್ಚ್ 8, ಶನಿವಾರ. ಮಧ್ಯಾಹ್ನ

ಆರ್ಚ್ ಪೆನ್ ಡ್ರೈವಿನಿಂದ ಎದ್ದಿತು. ಕಪ್ಪು ಪರದೆ, ಮೂಲೆಯಲ್ಲಿ ಒಂದು ಗೆರೆ ಮಿಟುಕುತ್ತಿದೆ. ಅಷ್ಟೇ. ಮುಂದೇನು ಎಂದು ಅದೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಎರಡು ಗಂಟೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು.

ಮಾರ್ಚ್ 10, ಸೋಮವಾರ

ಮಿಂಟ್ ಹಾಕಿದೆ. ಪಂಡಿತನಿಗೆ ಹೇಳಿಲ್ಲ. ಯಾವುದು ಹಾಕಿದಿರಿ ಅಂತ ನಿನ್ನೆ ಊಟಕ್ಕೆ ಬಂದಾಗ ಕೇಳಿದ್ದ. ನೋಡ್ತಾ ಇದ್ದೀನಿ ಅಂದಿದ್ದೆ.

ಕಂಪ್ಯೂಟರ್ ಆನ್ ಮಾಡಿದರೆ ಈಗ ಎರಡು ಹೆಸರು ಬರುತ್ತವೆ. ಮೇಲೆ ನನ್ನ ಮಿಂಟ್, ಕೆಳಗೆ ಇವಳ ವಿಂಡೋಸ್. ಹತ್ತು ಸೆಕೆಂಡ್ ಸುಮ್ಮನಿದ್ದರೆ ತಾನಾಗಿಯೇ ನನ್ನದು ತೆರೆದುಕೊಳ್ಳುತ್ತದೆ. ಇವಳು ಎರಡು ಸಲ ತಪ್ಪಿ ನನ್ನದಕ್ಕೆ ಬಂದು ಗೊಣಗಿದಳು. ಖುಷಿಯಾಯಿತು. ಯಾಕೆ ಸುಳ್ಳು ಹೇಳಲಿ... ಆಯಿತು.

ಮಾರ್ಚ್ 12, ಬುಧವಾರ

ಟರ್ಮಿನಲ್ ಎಂಬ ಕಿಟಕಿಯಲ್ಲಿ ಪಾಸ್‌ವರ್ಡ್ ಕೇಳಿತು. ಒತ್ತಿದರೆ ಪರದೆ ಮೇಲೆ ಏನೂ ಮೂಡದು. ಚುಕ್ಕಿ ಕೂಡ ಇಲ್ಲ. ಕೀಬೋರ್ಡ್ ಕೆಟ್ಟಿತೆಂದು ಬಿಚ್ಚಿ, ಎಲ್ಲ ಗುಂಡಿ ಕಿತ್ತು, ಒರೆಸಿ, ಮತ್ತೆ ಕೂರಿಸಿದೆ. ಒಂದು ಗಂಟೆ ಹಿಡಿಯಿತು. ಆಮೇಲೆ ಓದಿದೆ: ಮೂಡದಿರುವುದೇ ಸರಿಯಂತೆ. ಪಕ್ಕದವರು ನೋಡಬಾರದೆಂದು ಹಾಗೆ ಮಾಡಿದ್ದಾರೆ.

ನನ್ನ ಪಕ್ಕ ಯಾರಿದ್ದಾರೆ ನೋಡಲು?

ಮಾರ್ಚ್ 26, ಬುಧವಾರ

ಬರೆಯಲು ಪುರುಸೊತ್ತಿರಲಿಲ್ಲ. ವೈ-ಫೈ ಹಿಡಿಯಿತು, ಪ್ರಿಂಟರ್ ಹಿಡಿಯಿತು. ಎರಡೂ ನಾನೇ ಮಾಡಿದ್ದು, ಯಾರನ್ನೂ ಕೇಳದೆ. ನನ್ನನ್ನು ಮನೆಗೆ ಕಳಿಸಿದ ಮ್ಯಾನೇಜರಿಗೆ ಮೆಸೇಜ್ ಹಾಕಿದೆ, ಲಿನಕ್ಸ್ ಕಲಿತಿದ್ದೇನೆ ಸರ್ ಎಂದು. ಎರಡು ನೀಲಿ ಗೀಟು ಬಂತು. ಉತ್ತರ ಬರಲಿಲ್ಲ.

ಪರದೆಯಲ್ಲಿ ಎಚ್ಚರಿಕೆ: ಜಾಗ ತುಂಬಿದೆ. ಉಬುಂಟು, ಫೆಡೋರಾ, ಡೆಬಿಯನ್ ಒಂದೊಂದನ್ನೂ ಇಳಿಸಿಕೊಂಡು ನೋಡಿದ್ದೇನಲ್ಲ. ಇವಳ ಕಡೆ ಮುನ್ನೂರು ಜಿಬಿ ಖಾಲಿ ಬಿದ್ದಿದೆ. ನಾನು ಮೂವತ್ತರಲ್ಲಿ ಮುದುರಿಕೊಂಡಿದ್ದೇನೆ. ನನ್ನ ಮನೆಯಲ್ಲಿ ನನಗೆ ಇಷ್ಟೇ ಜಾಗವೇ?

ಐವತ್ತು ಈಚೆಗೆ ಎಳೆದುಕೊಂಡರೆ ಇವಳಿಗೆ ಗೊತ್ತೂ ಆಗದು.

ಮಾರ್ಚ್ 27, ಗುರುವಾರ. ಬೆಳಿಗ್ಗೆ 11.40

ಇವಳು ಶಾಲೆಗೆ ಬ್ಯಾಡ್ಜ್ ಕೊಡಲು ಹೋಗಿದ್ದಾಳೆ. ಪೆನ್ ಡ್ರೈವಿನಿಂದ ತೆರೆದು, ಇವಳ ಪಾಲನ್ನು ಕುಗ್ಗಿಸಲು ಕೊಟ್ಟಿದ್ದೇನೆ. ಮೊದಲು ಕಾಪಿ ತೆಗೆದಿಟ್ಟುಕೊಳ್ಳಿ ಅಂತ ಬರೆದಿತ್ತು. ಎಲ್ಲದರಲ್ಲೂ ಹಾಗೇ ಬರೆದಿರುತ್ತಾರೆ.

12.30 — ಎಷ್ಟಾಯಿತೆಂದು ತೋರಿಸುವ ಪಟ್ಟಿ ಅಲ್ಲಾಡುತ್ತಿಲ್ಲ.

1.15 — ಇನ್ನೂ ಅಲ್ಲೇ. ಇವಳು ಎರಡಕ್ಕೆ ಬರುತ್ತಾಳೆ.

ಮಾರ್ಚ್ 27. ಸಂಜೆ

ನಿಂತ ಲಿಫ್ಟಿಗೆ ಮೊದಲ ಮದ್ದು ಒಂದೇ. ಮೇನ್ ಆಫ್ ಮಾಡು, ಹತ್ತು ಎಣಿಸು, ಆನ್ ಮಾಡು. ನೂರಕ್ಕೆ ಎಂಬತ್ತು ಸಲ ಎದ್ದು ಕೂರುತ್ತದೆ. ತಲೆ ಯೋಚಿಸುವ ಮೊದಲೇ ಕಂಪ್ಯೂಟರಿನ ಸ್ವಿಚ್ಚಿಗೆ ಕೈ ಹೋಯಿತು. ಹತ್ತು ಎಣಿಸಿದೆ. ಸರಿಯಾಗಿ ಹತ್ತು.

ಇವಳ ಕಡೆ ತೆರೆಯುತ್ತಿಲ್ಲ. ಮತ್ತೆ ಮತ್ತೆ ನೋಡಿದೆ. ನನ್ನ ಕಡೆ ಮಾತ್ರ ಚೆನ್ನಾಗಿದೆ.

ಒಂಬತ್ತು ವರ್ಷ.

ಮಾರ್ಚ್ 28, ಶುಕ್ರವಾರ

ಅಪ್‌ಡೇಟ್ ಆಗ್ತಿದೆ, ಮುಟ್ಟಬೇಡ, ಎರಡು ದಿನ ಹಿಡಿಯುತ್ತೆ ಅಂದೆ. “ಆಗಲಿ” ಅಂದಳು. ಮಷಿನ್ನಿನಲ್ಲೇ ಉಳಿದಿದ್ದ ಹಳೇ ಡಿಸೈನ್ ಹಾಕಿಕೊಂಡು ಹೊಲಿಯುತ್ತ ಕೂತಳು. ಊಟ ಬಡಿಸಿದಳು. ಅನ್ನ ಅರ್ಧಕ್ಕೇ ಬಿಟ್ಟೆ. ಯಾಕೆ, ಉಪ್ಪು ಕಡಿಮೆಯಾ ಎಂದು ಕೇಳಿದಳು.

ಮಾರ್ಚ್ 29, ಶನಿವಾರ

ಏನೇನೋ ಪ್ರಯತ್ನಿಸಿದೆ. ಓದಿದಷ್ಟೂ ಹೆದರಿಕೆ. ಪಂಡಿತನಿಗೆ ಫೋನ್ ಮಾಡಲು ಮೂರು ಸಲ ಕೈಗೆತ್ತಿಕೊಂಡು ಇಟ್ಟೆ. ಇನ್ನೂ ಅಪ್‌ಡೇಟ್ ಆಗ್ತಿದೆ ಅಂದೆ. ಇವಳು ತಲೆ ಎತ್ತಲಿಲ್ಲ.

ನಾಳೆ ಹೇಳುತ್ತೇನೆ. ಕಾಲು ಹಿಡಿದಾದರೂ ಸರಿ.

ಮಾರ್ಚ್ 30, ಭಾನುವಾರ

ಹೇಳುವ ಹೊತ್ತಿಗೆ ಪಂಡಿತ ಬಾಗಿಲಲ್ಲಿದ್ದ. ಕೈಯಲ್ಲಿ ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್. ಇವಳೇ ಕರೆಸಿದ್ದು. ಗುರುವಾರವೇ, ನಾನಿಲ್ಲದಾಗ ಆನ್ ಮಾಡಿ ನೋಡಿ.

ಎದ್ದು ಜಾಗ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ವಿಂಡೋಸ್ ಬಂತು, ಸಾಫ್ಟ್‌ವೇರ್ ಬಂತು, ಡಿಸೈನ್ ಎಲ್ಲ ಬಂದವು. ಒಂದೂ ಹೋಗಿಲ್ಲ. ಡಿಸ್ಕಿನಲ್ಲಿ ಇವಳ ಡಿಸೈನುಗಳ ಕಾಪಿ ಇಟ್ಟ ಫೋಲ್ಡರುಗಳಿದ್ದವು, ಹೆಸರಿನ ಜಾಗದಲ್ಲಿ ತಾರೀಕು. ಮಾರ್ಚ್ 6, 9, 16, 23. ಆರನೇ ತಾರೀಕು ನಾನು ಮಾತು ಕೊಟ್ಟ ದಿನ. ಇವಳು “ಕಲೀರಿ” ಅಂದ ದಿನ. ಆಮೇಲೆ ಪ್ರತಿ ಭಾನುವಾರ. ಪಂಡಿತ ಬರೀ ಊಟಕ್ಕೆ ಬರುತ್ತಾನೆ ಅಂದುಕೊಂಡಿದ್ದೆ.

“ಭಾವ, ಹಳೇ ಡೌನ್‌ಲೋಡ್‌ಗಳನ್ನ ಅಳಿಸಿದ್ರೆ ಸಾಕಿತ್ತು. ನಿಮ್ಮ ಕಡೆನೇ ಹದಿನೈದು ಜಿಬಿ ಖಾಲಿ ಆಗ್ತಿತ್ತು.” ಮೆತ್ತಗೆ ಹೇಳಿದ. ಒಂದು ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವನು ಹೋದ ಮೇಲೆ ಇವಳನ್ನು ಕೇಳಿದೆ, ನಿನಗೆ ಕೋಪ ಬರಲಿಲ್ಲವಾ ಎಂದು.

“ಕೋಪ ಯಾಕೆ? ನೀವು ಮುಟ್ಟೇ ಮುಟ್ತೀರಿ ಅಂತ ಗೊತ್ತಿತ್ತು.” ದಾರ ಕತ್ತರಿಸಿದಳು. “ಹೇಳ್ತೀರೇನೋ ಅಂತ ಎರಡು ದಿನ ಕಾದೆ. ಅದೊಂದು ಗೊತ್ತಿರಲಿಲ್ಲ.”

ಏಪ್ರಿಲ್ 2, ಬುಧವಾರ

ಪಂಡಿತ ಒಂದು ಹಳೇ ಲ್ಯಾಪ್‌ಟಾಪ್ ಕಳಿಸಿದ್ದಾನೆ. ಕಾಲೇಜಿನಲ್ಲಿ ಮೂಲೆಗೆ ಬಿದ್ದಿದ್ದಂತೆ. “ಇದು ನಿಮ್ಮದು. ಏನು ಬೇಕಾದ್ರೂ ಮಾಡ್ಕೊಳ್ಳಿ” ಅಂದಳು. ಅಡುಗೆಮನೆಯಲ್ಲಿ ಅಡ್ಡ ಬರುವ ಮಗುವಿನ ಕೈಗೆ ಖಾಲಿ ಡಬ್ಬ ಕೊಟ್ಟು ಕೂರಿಸುತ್ತಾರಲ್ಲ, ಹಾಗೆ. ಇವಳ ಕಂಪ್ಯೂಟರಿಗೆ ಈಗ ಪಾಸ್‌ವರ್ಡ್ ಇದೆ. ಕೇಳಿಲ್ಲ. ಕೇಳುವುದೂ ಇಲ್ಲ.

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 11

ಮಿಂಟ್ ಹಾಕಲು ಕೂತಿದ್ದೇನೆ. ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳುತ್ತಿದೆ. ಮೂರು ಸಲ ಓದಿದೆ. ಇದರಲ್ಲಿ ಏನಾದರೂ ಇದೆಯಾ ಎಂದು ಇವಳನ್ನು ಕೂಗಿ ಕೇಳಿದೆ. ಮಷಿನ್ ನಿಲ್ಲಿಸದೆಯೇ ಹೇಳಿದಳು, “ಏನೂ ಇಲ್ಲ, ಒತ್ತಿ.”

ಒತ್ತಿಲ್ಲ. ಬೆರಳು ಅದರ ಮೇಲೇ ಇದೆ.

ಇಪ್ಪತ್ತಾರು ವರ್ಷ. ಹದಿನಾಲ್ಕನೇ ಮಹಡಿ, ಇಪ್ಪತ್ತನೇ ಮಹಡಿ... ಮುದುಕರು, ಬಸುರಿಯರು, ಸ್ಕೂಲ್ ಮಕ್ಕಳು. ದಿನಾ ಎಷ್ಟು ಜನ ಆ ಡಬ್ಬಿಯೊಳಗೆ ಕಾಲಿಟ್ಟರು. ಹಗ್ಗ ನೋಡಿದವನು ಯಾರು ಎಂದು ಒಬ್ಬರೂ ಕೇಳಲಿಲ್ಲ. ಕಣ್ಣು ಮುಚ್ಚಿ ನಂಬಿದರು. ನಾನೂ ಒಬ್ಬರನ್ನೂ ಬೀಳಿಸಲಿಲ್ಲ. ಇದನ್ನು ಇವಳಿಗೆ ಹೇಳಬೇಕು ಎಂದು ಎದ್ದೆ. ಬಾಗಿಲ ತನಕ ಹೋಗಿ ವಾಪಸ್ ಬಂದು ಕೂತೆ.

ಆದರೆ ಅವರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಇವಳಿಗೆ ಗೊತ್ತು. ಇಪ್ಪತ್ತೆರಡು ವರ್ಷ ಜೊತೆಗಿದ್ದು, ಗೊತ್ತಿದ್ದೇ ಇವಳು “ಕಲೀರಿ” ಅಂದಳು, ಗೊತ್ತಿದ್ದೇ ಕಾಪಿಯನ್ನೂ ತೆಗೆಸಿಟ್ಟಳು.